ಗುಡ್ಡೆಗೊಂದು ತುಂಡು ಗುಂಡಿಗೆ

ಧಾರವಾಡ
12 ನವೆಂಬರ್ 1959

ಸಬೀರಾ,

ಯಲಹಂಕದ ಶಾಲೆಯಲ್ಲಿ ನಿನಗೆ ಇಂಗ್ಲಿಷ್ ಕಲಿಸಿದ ಕೃಷ್ಣಯ್ಯ ಮೇಷ್ಟ್ರು ಬರೆಯುತ್ತಿದ್ದೇನೆ. ಜೂನ್ ತಿಂಗಳಲ್ಲಿ ಒಂದು ಕಾಗದ ಹಾಕಿದ್ದೆ, ಉತ್ತರ ಬರಲಿಲ್ಲ. ಉಪಾಧ್ಯಾಯಿನಿಯರ ತರಬೇತಿಗೆ ಅರ್ಜಿ ಹಾಕು ಎಂದದ್ದಕ್ಕೆ ಸಿಟ್ಟಾದೆಯೋ, ಕಾಗದವೇ ಕೈಸೇರಲಿಲ್ಲವೋ, ದೇವರಿಗೇ ಗೊತ್ತು. ಆ ಮಾತು ಆಮೇಲೆ. ಈಗ ನಿನ್ನಿಂದ ನನಗೊಂದು ಸಹಾಯ ಬೇಕು.

ನಿವೃತ್ತನಾದ ಮೇಲೆ ಸುಮ್ಮನೆ ಕೂತಿರಲಾರೆ ಎಂದು ಇಲ್ಲಿಗೆ ಬಂದೆ. ಬಂದು ಬೆಳಗಿನಿಂದ ಸಂಜೆಯವರೆಗೆ ಕೂತೇ ಇದ್ದೇನೆ. ಇಲ್ಲಿನ ಪ್ರಕಾಶಕರೊಬ್ಬರು ಶಾಲೆಯ ಮಕ್ಕಳಿಗೆಂದು ಇಂಗ್ಲಿಷ್–ಕನ್ನಡ ನಿಘಂಟು ತರುತ್ತಿದ್ದಾರೆ. ಒಂದೊಂದು ಪದಕ್ಕೂ ಒಂದೊಂದು ಚೀಟಿ ಮಾಡಿ ಅರ್ಥ ಬರೆಯುವುದು ನಮ್ಮ ಕೆಲಸ. ಜೊತೆಗಿರುವ ಇಬ್ಬರೂ ಈ ಕಡೆಯವರು. ನನ್ನ ಕನ್ನಡ ಕೇಳಿ ಅವರು ನಗುತ್ತಾರೆ, ಅವರದು ಕೇಳಿ ನಾನು ನಗುತ್ತೇನೆ. ರಾಜ್ಯ ಒಂದಾಗಿ ಮೂರು ವರ್ಷವಾಯಿತು, ನಾವಿನ್ನೂ ಬದನೆಕಾಯಿಗೆ ಏನು ಬರೆಯಬೇಕು ಎಂಬ ಜಗಳದಲ್ಲೇ ಇದ್ದೇವೆ.

ನಾವು ಧೈರ್ಯ ಎಂದು ಒಂದೇ ಮಾತಿನಲ್ಲಿ ಮುಗಿಸುವುದಕ್ಕೆ ಇಂಗ್ಲಿಷಿನವರು ಒಂದು ಗುಡಾಣ ಪದ ತುಂಬಿಟ್ಟುಕೊಂಡಿದ್ದಾರೆ. ಕರೇಜ್ ಅನ್ನುತ್ತಾರೆ, ಅದರ ಬೇರು ಹೃದಯ. ಆಡಾಸಿಟಿ ಅನ್ನುತ್ತಾರೆ, ಅದರ ಬೇರು ಹಿಡಿದು ಹೋದರೆ ಲ್ಯಾಟಿನ್ನಿನಲ್ಲಿ ಆಸೆಯ ಹತ್ತಿರಕ್ಕೆ ಹೋಗಿ ನಿಲ್ಲುತ್ತೇವೆ. ಅಷ್ಟರಮಟ್ಟಿಗೆ ಮರ್ಯಾದಸ್ಥ ಪದಗಳು. ಈಗ ಪಿ ಅಕ್ಷರಕ್ಕೆ ಬಂದಿದ್ದೇನೆ, ಪ್ಲಕ್ ಎಂಬ ಪದ ಅಡ್ಡ ಬಂದಿದೆ. ಅದರ ಅರ್ಥವೂ ಎದೆಗಾರಿಕೆಯೇ. ಆದರೆ ದೊಡ್ಡ ನಿಘಂಟು ತೆರೆದು ನೋಡಿದರೆ, ಪ್ಲಕ್ ಎಂದರೆ ಮೊದಲು ಕಸಾಯಿ ಅಂಗಡಿಯ ಮಾತಂತೆ! ಕೊಯ್ದ ಕುರಿಯ ಎದೆಯೊಳಗಿನಿಂದ ಒಂದೇ ಸಲಕ್ಕೆ ಎಳೆದು ತೆಗೆಯುವ ಗುಂಡಿಗೆ, ಈಲಿ, ಶ್ವಾಸಕೋಶ, ಎಲ್ಲ ಸೇರಿದ್ದು ಪ್ಲಕ್. ನನ್ನ ಜನ್ಮದಲ್ಲಿ ನಾನು ಅದನ್ನು ಕಂಡವನಲ್ಲ. ಹೆಬ್ಬಾಳದಲ್ಲಿ ನಿಮ್ಮ ತಂದೆ ಮಜೀದ್ ಸಾಹೇಬರದು ಮಾಂಸದಂಗಡಿಯಲ್ಲವೇ? ಆ ಇಡೀ ಗಂಟಿಗೆ ನಿಮ್ಮಲ್ಲಿ ಏನನ್ನುತ್ತಾರೆ? ಕೇಳಿ ಬರೆ.

ನಿಮ್ಮ ತಂದೆಗೆ ನನ್ನ ನಮಸ್ಕಾರ ಹೇಳು. ತರಬೇತಿಯ ವಿಚಾರ ನಾನು ಮರೆತಿಲ್ಲ.

ಕೃಷ್ಣಯ್ಯ


ಹೆಬ್ಬಾಳ
25 ನವೆಂಬರ್ 1959

ಪೂಜ್ಯ ಮೇಷ್ಟ್ರಿಗೆ,

ಸಬೀರಾ ಮಾಡುವ ಸಲಾಮು. ಜೂನ್‌ನ ಕಾಗದ ಬಂದಿತ್ತು. ಸಿಟ್ಟೇನೂ ಇಲ್ಲ. ಅಬ್ಬಾಗೆ ಸ್ವಲ್ಪ ಹುಷಾರಿರಲಿಲ್ಲ, ಹಾಗಾಗಿ ಬರೆಯಲಾಗಲಿಲ್ಲ. ಈಗ ಪರವಾಗಿಲ್ಲ.

ನೀವು ಕೇಳಿದ ಗಂಟಿಗೆ ನಮ್ಮ ಅಂಗಡಿಯಲ್ಲಿ ಗೊಂಚಲು ಅನ್ನುತ್ತೇವೆ. ಕೊಕ್ಕೆಗೆ ಗಂಟಲ ಕೊಳವೆ ಸಿಕ್ಕಿಸಿದರೆ ಎಲ್ಲವೂ ಕೆಳಗೆ ಜೋತಾಡುತ್ತದೆ, ಅದಕ್ಕೆ ಆ ಹೆಸರು. ಆದರೆ ಒಂದೇ ಸಲಕ್ಕೆ ಎಳೆದು ತೆಗೆಯುತ್ತಾರೆ ಎಂದು ಬರೆದ ಇಂಗ್ಲಿಷಿನವನು ಎಂದೂ ತೆಗೆದವನಲ್ಲ. ಮೊದಲು ಪಕ್ಕೆಲುಬಿನ ಕೆಳಗಿನ ತೆಳ್ಳನೆಯ ಪೊರೆಯನ್ನು ಸುತ್ತಲೂ ಬಿಡಿಸಬೇಕು. ಆಮೇಲೆ ಕೊಳವೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳನ್ನು ಬೆನ್ನೆಲುಬಿನ ಉದ್ದಕ್ಕೂ ಜಾರಿಸುತ್ತಾ ಬರಬೇಕು. ಆತುರಪಟ್ಟರೆ ಈಲಿ ಹರಿಯುತ್ತದೆ. ಪಿತ್ತದ ಚೀಲ ಒಡೆದರಂತೂ ಮುಗಿಯಿತು, ಮುಟ್ಟಿದ್ದೆಲ್ಲ ಕಹಿ. ಅಬ್ಬಾ ಯಾವಾಗಲೂ ಹೇಳುತ್ತಾರೆ, ಬಲ ಬೇಡ, ಪುರುಸೊತ್ತು ಬೇಕು ಅಂತ.

ಬದನೆಕಾಯಿಗೆ ಬದನೆಕಾಯಿ ಅಂತಲೇ ಬರೆಯಿರಿ. ಸೋಲಬೇಡಿ.

ಸಬೀರಾ


ಧಾರವಾಡ
10 ಡಿಸೆಂಬರ್ 1959

ಸಬೀರಾ,

ಗೊಂಚಲು ಬಹಳ ಚೆಂದದ ಮಾತು. ಚೀಟಿಯಲ್ಲಿ ಬರೆದುಕೊಂಡೆ. ಮರುದಿನ ನಿನ್ನ ಕಾಗದ ಇನ್ನೊಮ್ಮೆ ಓದಿದೆ, ಹೆಬ್ಬೆರಳಿನ ಹತ್ತಿರ ನಿಂತುಬಿಟ್ಟೆ. ಇದು ನೋಡಿ ಬರೆದದ್ದೋ, ಮಾಡಿ ಬರೆದದ್ದೋ? ನೋಡುವವರಿಗೆ ಕುರಿಯ ಎದೆಯೊಳಗಿರುವ ಹೆಬ್ಬೆರಳು ಕಾಣುವುದಿಲ್ಲ. ನೇರವಾಗಿ ಕೇಳುತ್ತಿದ್ದೇನೆ, ನೇರವಾಗಿ ಹೇಳು. ಆ ಕತ್ತಿ ಯಾರ ಕೈಯಲ್ಲಿದೆ?

ನಿನ್ನ ಉತ್ತರ ಬರುವವರೆಗೆ ಈ ಪ್ಲಕ್‌ನ ಚರಿತ್ರೆ ಕೇಳು. ಕಸಾಯಿ ಅಂಗಡಿಯಿಂದ ಹೊರಟ ಪದ ಮೊದಲು ಹೋಗಿ ಸೇರಿದ್ದು ಮುಷ್ಟಿಯುದ್ಧದವರ ಅಖಾಡವನ್ನು. ಏಟು ತಿಂದೂ ಬೀಳದವನನ್ನು ನೋಡಿ, ಇವನೊಳಗೆ ಪ್ಲಕ್ ಇದೆ ಅಂದರು. ಸುಮಾರು ಇನ್ನೂರು ವರ್ಷದ ಹಿಂದಿನ ಮಾತು. ಆಗ ಅದು ಪೋಕರಿಗಳ ಮಾತು, ಮನೆವಂತರು ಅದನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಬರಬರುತ್ತಾ ಸೈನ್ಯಕ್ಕೆ ಹೋಯಿತು, ಕಥೆ ಪುಸ್ತಕಗಳಿಗೆ ಬಂತು, ಕೊನೆಗೆ ಹುಡುಗಿಯರ ಶಾಲೆಯ ಬಹುಮಾನಪತ್ರದಲ್ಲೂ ಕೂತಿತು. ಈಗ ಅದನ್ನು ಬರೆಯುವಾಗ ಯಾರಿಗೂ ರಕ್ತದ ನೆನಪಾಗುವುದಿಲ್ಲ.

ನಾನು ಹೇಳುವುದೂ ಅದೇ. ನಿನ್ನಲ್ಲಿರುವ ಎದೆಗಾರಿಕೆಯೂ ಅಂಗಡಿ ಬಿಟ್ಟು ಶಾಲೆಗೆ ಬರಲಿ. ಇಲ್ಲಿ ತರಬೇತಿ ಶಾಲೆಯ ಮುಖ್ಯಸ್ಥರು ನನಗೆ ಪರಿಚಯ. ಒಂದು ಸೀಟು ಇಟ್ಟುಕೊಂಡಿರುತ್ತಾರೆ. ನೀನು ಹೂಂ ಅಂದರೆ ಸಾಕು.

ಬೇಗ ಬರೆ. ನಿನ್ನ ಮೌನ ನನಗೆ ಆಗಿಬರುವುದಿಲ್ಲ.

ಕೃಷ್ಣಯ್ಯ


ಹೆಬ್ಬಾಳ
30 ಡಿಸೆಂಬರ್ 1959

ಪೂಜ್ಯ ಮೇಷ್ಟ್ರಿಗೆ,

ತಡವಾಯಿತು. ಮದುವೆ ಕಾಲ, ಊಟದ ಆರ್ಡರುಗಳು ಮೇಲಿಂದ ಮೇಲೆ. ಉಸಿರಾಡಲೂ ಬಿಡುವಿರಲಿಲ್ಲ. ನೇರವಾಗಿ ಕೇಳಿದ್ದೀರಿ. ಕತ್ತಿ ನನ್ನ ಕೈಯಲ್ಲಿದೆ.

ಜೂನ್‌ನಲ್ಲಿ ಮಳೆ ಹಿಡಿದ ವಾರ ಅಬ್ಬಾಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ತೊದಲುತ್ತದೆ. ಸ್ವಲ್ಪ ಹುಷಾರಿಲ್ಲ ಎಂದು ಬರೆದಿದ್ದು ಇದನ್ನೇ. ಎರಡನೇ ದಿನವೇ ಅಬ್ಬಾನ ತಮ್ಮ ಮುಜಫ್ಫರ್ ಚಾಚಾ ಯಶವಂತಪುರದಿಂದ ಬಂದರು. ಅವರದೂ ಅಲ್ಲಿ ಸಂತೆಯ ಪಕ್ಕ ಮಾಂಸದಂಗಡಿಯೇ. ಬಂದವರು ನಮ್ಮ ಅಂಗಡಿಯ ಕೀಲಿ ಕೇಳಿದರು, ಜೊತೆಗೆ ನನ್ನನ್ನೂ ಅವರ ಮಗನಿಗೆ ಕೇಳಿದರು. ಎರಡೂ ಒಂದೇ ಉಸಿರಿನಲ್ಲಿ. ಅಬ್ಬಾ ಎಡಗೈಯಿಂದ ಕೀಲಿಯನ್ನು ದಿಂಬಿನ ಕೆಳಕ್ಕೆ ತಳ್ಳಿದರು. ನನಗೆ ಅಷ್ಟು ಸಾಕಾಯಿತು.

ನಾನು ಅಂಗಡಿಯ ಹಿಂದೆ ಆಡಿಕೊಂಡೇ ಬೆಳೆದವಳು. ಬೆಳಿಗ್ಗೆ ಮುಲ್ಲಾ ಸಾಹೇಬರು ಬಂದು ದೇವರ ಹೆಸರು ಹೇಳಿ ಕುರಿಯ ಕತ್ತು ಕೊಯ್ದು ಜಬಾ ಮಾಡಿ ಹೋಗುತ್ತಾರೆ, ಅದು ಮೊದಲಿನಿಂದಲೂ ಅವರದೇ ಕೆಲಸ. ಸುಲಿಯುವುದು, ಬಿಡಿಸುವುದು, ಕತ್ತರಿಸುವುದು ನಾನು. ಮಧ್ಯೆ ಒಂದು ಗೋಣಿಯ ಪರದೆ ಕಟ್ಟಿದ್ದೇವೆ. ಅಬ್ಬಾ ಮುಂದೆ ಬೆಂಚಿನ ಮೇಲೆ ಕೂತು ಎಡಗೈಯಲ್ಲಿ ಪೊಟ್ಟಣ ಕೊಡುತ್ತಾರೆ. ಒಳಗೆ ಯಾರು ಎಂದು ಕೇಳಿದವರಿಗೆ, ಶಿವಾಜಿನಗರದಿಂದ ಜಮೀರ್ ಎಂಬ ಹುಡುಗನನ್ನು ಕೆಲಸಕ್ಕೆ ಕರೆಸಿದ್ದೇವೆ, ಬಹಳ ನಾಚಿಕೆ ಸ್ವಭಾವ ಅಂದುಬಿಟ್ಟರು ಅಮ್ಮಿ. ಈಗ ಊರಿನಲ್ಲಿ ಜಮೀರ್‌ಗೆ ಒಳ್ಳೇ ಹೆಸರು ಬಂದಿದೆ. ಎದುರು ಮನೆಯ ಮಾರಕ್ಕ ಅವನಿಗೆಂದು ಒಂದು ಭರಣಿ ಮಾವಿನ ಉಪ್ಪಿನಕಾಯಿ ಕೊಟ್ಟುಹೋದಳು. ನಾನೇ ತಿಂದೆ.

ನಗಬೇಡಿ, ಇನ್ನೂ ಹೇಳುವುದಿದೆ. ನಮ್ಮೂರಿನಲ್ಲಿ ಯುಗಾದಿಯ ಮಾರನೇ ದಿನ ಹೊಸತೊಡಕು. ಊರವರೆಲ್ಲ ಸೇರಿ ಕುರಿಗಳನ್ನು ತರುತ್ತಾರೆ. ಕೊಯ್ದ ಮಾಂಸವನ್ನು ಮನೆಗೊಂದರಂತೆ ಸಮನಾಗಿ ಗುಡ್ಡೆ ಹಾಕಬೇಕು. ಆ ದಿನ ಗುಡ್ಡೆ ಹಾಕಿದವರಿಗೇ ವರ್ಷವಿಡೀ ಊರಿನ ಅಂಗಡಿ. ಇದು ಯಾವ ಕಾಗದದಲ್ಲೂ ಇಲ್ಲ, ತಾತನ ಕಾಲದಿಂದ ಹಾಗೇ ನಡೆದಿದೆ. ಆ ದಿನ ಕೈಯಲ್ಲಿ ಏನಿರುತ್ತದೋ ವರ್ಷವೆಲ್ಲ ಅದೇ ಇರುತ್ತದೆಂದು ನಂಬುವ ಊರು ಇದು. ಆ ಗುಡ್ಡೆ ಕೈತಪ್ಪಿದರೆ ಅಂಗಡಿ ಚಾಚಾನದಾಗುತ್ತದೆ, ಆಮೇಲೆ ನಾನು ಎಲ್ಲಿಗೆ ಹೋಗಬೇಕು ಎಂಬುದನ್ನೂ ಅವರೇ ಹೇಳುತ್ತಾರೆ. ಯುಗಾದಿಯವರೆಗೆ ಹೇಗಾದರೂ ಜಮೀರ್‌ನನ್ನು ಕಾಪಾಡಿಕೊಳ್ಳಬೇಕು.

ಹೊಟ್ಟೆಪಾಡಿಗಾಗಿ ಮಾಡುತ್ತಿದ್ದೇನೆಂದು ನೀವು ಮರುಗಬೇಡಿ. ಹೊಟ್ಟೆಪಾಡೂ ಹೌದು. ಆದರೆ ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ, ಮೇಷ್ಟ್ರೇ. ನಿಮ್ಮ ಕ್ಲಾಸಿನಲ್ಲಿ ವ್ಯಾಕರಣ ಬಿಡಿಸುವಾಗ ಆಗುತ್ತಿದ್ದ ಸಂತೋಷವೇ ಇಲ್ಲೂ ಆಗುತ್ತದೆ. ಸೀಟು ಬೇರೆ ಯಾರಿಗಾದರೂ ಕೊಡಿಸಿ.

ಈ ವಿಷಯ ನಿಮ್ಮಲ್ಲೇ ಇರಲಿ.

ಸಬೀರಾ


ಹೆಬ್ಬಾಳ
4 ಜನವರಿ 1960

ಕೃಷ್ಣಯ್ಯನವರಿಗೆ,

ನೀವು ನಮ್ಮೂರಿನ ಯಜಮಾನರಾದ ದೊಡ್ಡಮುನಿಯಪ್ಪನವರಿಗೆ 29ನೇ ತಾರೀಖು ಬರೆದ ಕಾಗದ ಬಂದು ತಲುಪಿತು. ನನ್ನ ಕಾಗದ ಡಬ್ಬಿಗೆ ಬಿದ್ದದ್ದು 30ಕ್ಕೆ. ಒಂದೇ ಒಂದು ದಿನ ಕಾಯಲಾಗಲಿಲ್ಲ ನಿಮಗೆ.

ಮುನಿಯಪ್ಪನವರು ಕೆಟ್ಟವರಲ್ಲ. ಅಬ್ಬಾನ ಜೊತೆ ಗುಟ್ಟಾಗಿ ಮಾತಾಡಬೇಕೆಂದೇ ಬಂದಿದ್ದರು. ಆದರೆ ಅವರಿಗೆ ಮನಸ್ಸಿನಲ್ಲಿ ಓದಿಕೊಳ್ಳುವ ಅಭ್ಯಾಸವಿಲ್ಲ. ಏನೇ ಓದಿದರೂ ಕೀರ್ತನೆ ಹೇಳಿದ ಹಾಗೆ ಗಟ್ಟಿಯಾಗಿಯೇ ಓದಬೇಕು. ಭಾನುವಾರದ ವ್ಯಾಪಾರದ ಹೊತ್ತಿನಲ್ಲಿ ನಮ್ಮ ಬೆಂಚಿನ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಬಡ ಹುಡುಗಿಯೊಬ್ಬಳು ಕಸಾಯಿ ಕತ್ತಿ ಹಿಡಿಯುವಂತಾಗಿದೆ, ದಯವಿಟ್ಟು ಅವಳನ್ನು ಆ ನರಕದಿಂದ ಬಿಡಿಸಿ ಎಂದು ನೀವು ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಹತ್ತು ಜನ ಗಿರಾಕಿಗಳು ನಿಂತಿದ್ದರು. ಯಾರೋ ಪರದೆ ಎತ್ತಿದರು. ನಾನು ಮೊಣಕೈವರೆಗೆ ರಕ್ತ ಮಾಡಿಕೊಂಡು ನಿಂತಿದ್ದೆ.

ಅಬ್ಬಾ ತಲೆ ಎತ್ತಲಿಲ್ಲ. ಮಾರಕ್ಕ ಮಾತ್ರ ಬಾಯಿಬಿಟ್ಟಳು. "ಅಯ್ಯೋ ನಿನ್ನ, ನನ್ ಉಪ್ಪಿನ್ಕಾಯಿ ತಿಂದೋಳು ನೀನಾ?" ಅಂದಳು.

ಇವತ್ತು ಸೋಮವಾರ, ಯಾರೂ ಬರಲಿಲ್ಲ. ಈ ಸಲದ ಹೊಸತೊಡಕಿನ ಗುಡ್ಡೆಯನ್ನು ಮುಜಫ್ಫರ್ ಚಾಚಾಗೆ ಕೊಡುವುದೆಂದು ಮುನಿಯಪ್ಪನವರು ಹೇಳಿ ಕಳಿಸಿದ್ದಾರೆ. ನಾನು ಇರುವುದು ನರಕ ಎಂದು ನಿಮಗೆ ಯಾರು ಹೇಳಿದರು? ನಾನು ಹೇಳಿದ್ದೆನಾ?

ನನಗೆ ಬರೆಯಬೇಡಿ.

ಸಬೀರಾ


ಧಾರವಾಡ
9 ಜನವರಿ 1960

ಸಬೀರಾ,

ಬರೆಯಬೇಡ ಎಂದಿದ್ದೀಯ. ಇದೊಂದು ಬರೆದು ಸುಮ್ಮನಾಗುತ್ತೇನೆ.

ನಿನ್ನ ಎರಡೂ ಕಾಗದ ಒಟ್ಟಿಗೇ ಕೈಸೇರಿದವು. ಮೊದಲು 4ನೇ ತಾರೀಖಿನದು ಓದಿದೆ, ಆಮೇಲೆ 30ರದು. ಆ ಕ್ರಮದಲ್ಲಿ ಓದುವ ಶಿಕ್ಷೆ ನನಗೆ ತಕ್ಕದ್ದೇ. ಇಪ್ಪತ್ತು ದಿನ ನೀನು ಬರೆಯದಿದ್ದಾಗ, ಅಳುತ್ತಾ ಕೂತಿದ್ದಾಳೆ ಎಂದುಕೊಂಡೆ. ನೀನು ಮದುವೆ ಆರ್ಡರಿನ ಕೆಲಸದಲ್ಲಿದ್ದೆ. ನಾನು ಕೆಲಸವಿಲ್ಲದವನು, ಮೌನಕ್ಕೂ ಅರ್ಥ ಬರೆದುಬಿಟ್ಟೆ.

ಮುನಿಯಪ್ಪನವರಿಗೆ ಇನ್ನೊಂದು ಕಾಗದ ಬರೆದು ಎಲ್ಲ ಸರಿಮಾಡಲೇ ಎಂದು ಕೈ ತುರಿಸುತ್ತಿದೆ. ಬರೆಯುವುದಿಲ್ಲ. ನೀನು ಹೇಳದೆ ನಿನ್ನ ಬಗ್ಗೆ ಇನ್ನೊಂದು ಅಕ್ಷರ ಯಾರಿಗೂ ಬರೆಯುವುದಿಲ್ಲ.

ತಪ್ಪಾಯಿತಮ್ಮ.

ಕೃಷ್ಣಯ್ಯ


ಧಾರವಾಡ
26 ಫೆಬ್ರವರಿ 1960
(ಕಾರ್ಡು)

ಸಬೀರಾ,

ಸುಮ್ಮನಾಗುತ್ತೇನೆ ಎಂದಿದ್ದೆ, ಆಗಲಿಲ್ಲ. ರಂಜಾನ್ ಹತ್ತಿರ ಬಂತೆಂದು ಪಕ್ಕದ ಮನೆಯವರು ಹೇಳಿದರು. ನಿಮ್ಮ ಮನೆಯ ನೆನಪಾಯಿತು. ಪಿ ಅಕ್ಷರ ಮುಗಿದು ಕ್ಯೂ ದಾಟಿದ್ದೇವೆ. ಪ್ಲಕ್‌ನ ಚೀಟಿ ಮಾತ್ರ ನನ್ನ ಮೇಜಿನ ಮೇಲೆಯೇ ಇದೆ. ಧೈರ್ಯ ಎಂದು ಬರೆದು ಹೊಡೆದುಹಾಕಿದೆ. ಕೆಚ್ಚು ಎಂದು ಬರೆದು ಅದನ್ನೂ ಹೊಡೆದುಹಾಕಿದೆ. ಉತ್ತರ ಬರೆಯಬೇಕೆಂದಿಲ್ಲ. ನಿಮ್ಮ ತಂದೆ ಹೇಗಿದ್ದಾರೆ?

ಕೃಷ್ಣಯ್ಯ


ಹೆಬ್ಬಾಳ
2 ಏಪ್ರಿಲ್ 1960

ಮೇಷ್ಟ್ರೇ,

ಅಬ್ಬಾ ಚೆನ್ನಾಗಿದ್ದಾರೆ. ನಿಮ್ಮ ಮೇಲಿನ ಸಿಟ್ಟು ಪೂರ್ತಿ ಇಳಿದಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಸ್ವಲ್ಪ ಉಳಿದಿದೆ. ಆದರೆ ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೆ ಬರೆಯಲಿ?

ಜನವರಿಯಿಂದ ಅಂಗಡಿ ತೆರೆದೇ ಇತ್ತು. ಗಿರಾಕಿ ಇದ್ದರೂ ಇಲ್ಲದಿದ್ದರೂ ದಿನವೂ ತೆರೆದೆ. ದಿನಕ್ಕೊಂದು ಕುರಿ ಹೋಗುತ್ತಿದ್ದದ್ದು ವಾರಕ್ಕೊಂದಕ್ಕೆ ಬಂತು. ಯಲಹಂಕದ ಕಡೆಯಿಂದ ಬರುವ ಲಾರಿಯವರು ಮಾತ್ರ ಕೊಳ್ಳುತ್ತಿದ್ದರು, ಅವರಿಗೆ ಕತ್ತಿ ಹಿಡಿದವರು ಯಾರಾದರೇನು. ಊರಿನವರು ಕಣ್ಣು ತಪ್ಪಿಸಿ ಓಡಾಡಿದರು. ಚಾಚಾ ಆಗಾಗ ಬಂದು ಅಮ್ಮಿಯ ಹತ್ತಿರ ಕೂತು, ಹೊಸತೊಡಕು ಆಗಲಿ, ಅಂಗಡಿಯನ್ನೂ ಹುಡುಗಿಯನ್ನೂ ಒಂದೇ ಸಲ ಸೇರಿಸಿಕೊಳ್ಳುತ್ತೇನೆ ಎಂದು ಹೇಳಿ ಹೋಗುತ್ತಿದ್ದರು. ಅಮ್ಮಿ ಅರ್ಧ ಒಪ್ಪಿದ್ದರು. ನಾನು ದಿನವೂ ಕತ್ತಿ ಮಸೆದಿಡುತ್ತಿದ್ದೆ. ಯಾಕೆ ಮಸೆಯುತ್ತೀಯ, ಕೊಯ್ಯಲು ಏನಿದೆ ಎಂದು ಅಮ್ಮಿ ಕೇಳಿದರು. ಇರಲಿ ಅಮ್ಮಿ, ತುಕ್ಕು ಹಿಡಿಯಬಾರದು ಅಂದೆ.

ಈಗ ಲೆಕ್ಕ ಕೇಳಿ. ಮಾರ್ಚ್ 28ಕ್ಕೆ ಯುಗಾದಿ, 29ಕ್ಕೆ ಹೊಸತೊಡಕು. ನಮಗೆ ಅದು ರಂಜಾನ್. ಈ ಸಲ ಮೂವತ್ತು ದಿನದ ರೋಜಾ ಉಪವಾಸ ಪೂರ್ತಿ ಆಗುತ್ತದೆ, ಈದ್ 30ಕ್ಕೇ ಬರುವುದು ಎಂದು ಚಾಚಾ ಗಟ್ಟಿಯಾಗಿ ಹೇಳಿ, ಊರ ಕುರಿಗಳ ಹೊಣೆ ಹೊತ್ತುಕೊಂಡಿದ್ದರು. ಮುನಿಯಪ್ಪನವರು ನಂಬಿದರು. ಅಮಾವಾಸ್ಯೆ ಕಳೆದ ಮಾರನೇ ಸಂಜೆ ಚಂದ್ರ ಕಾಣಬಹುದು ಎಂದು ಯುಗಾದಿ ಮಾಡುವವರಿಗೆ ಗೊತ್ತಿಲ್ಲವೇ, ರೋಜಾ ಹಿಡಿಯುವವರಿಗೆ ಗೊತ್ತಿಲ್ಲವೇ? ಇಬ್ಬರಿಗೂ ಗೊತ್ತು. ಇಬ್ಬರೂ ಅವರವರ ಹಬ್ಬ ಮಾತ್ರ ಎಣಿಸಿಕೊಂಡರು, ಇನ್ನೊಬ್ಬರದನ್ನು ಎಣಿಸಲಿಲ್ಲ.

ಯುಗಾದಿಯ ಸಂಜೆ ಹೆಬ್ಬಾಳದ ಕೆರೆ ಏರಿಯ ಮೇಲೆ ಎರಡೂ ಕಡೆಯವರು ನಿಂತಿದ್ದರು. ಚಂದ್ರ ಕಂಡಿತು, ಉಗುರಿನಷ್ಟು. ಅವರು ಹೊಸ ವರ್ಷದ ಚಂದ್ರ ಎಂದು ಕೈಮುಗಿದರು. ನಮ್ಮವರು ನಾಳೆಯೇ ಈದ್ ಎಂದು ಅಪ್ಪಿಕೊಂಡರು. ಸ್ವಲ್ಪ ಹೊತ್ತಿಗೆಲ್ಲ ಯಶವಂತಪುರದಿಂದ ಚಾಚಾನ ಮಾತು ಬಂತು. ಈದ್ ಬಿಟ್ಟು ಬರಲಾಗುವುದಿಲ್ಲ, ನಮಾಜು ಮುಗಿಸಿ, ನೆಂಟರನ್ನು ನೋಡಿ, ಮಧ್ಯಾಹ್ನದ ಮೇಲೆ ಬರುತ್ತೇನೆ ಅಂತ.

ಮಧ್ಯಾಹ್ನದ ಮೇಲೆ ಮಾಂಸ ತಂದು ಹೊಸತೊಡಕಿನ ಅಡುಗೆ ಯಾವಾಗ ಮಾಡುವುದು? ಊರ ಕುರಿಗಳು ಹೊಂಗೆಮರದ ಕೆಳಗೆ ಮೇಯುತ್ತಾ ನಿಂತಿದ್ದವು. ಮುನಿಯಪ್ಪನವರು ಯಲಹಂಕಕ್ಕೆ ಆಳು ಕಳಿಸಿದರು. ಅಲ್ಲಿನವರಿಗೂ ಈದ್. ಎಲ್ಲರೂ ಮುಖ ಮುಖ ನೋಡಿಕೊಂಡು ನಿಂತಾಗ ಮಾರಕ್ಕ ಕಟ್ಟೆಯ ಹತ್ತಿರ ಹೋದಳಂತೆ. "ಜಮೀರ್ ಅವ್ನಲ್ಲ, ಅವ್ನ್ ಕರೀರಿ. ಆರ್ ತಿಂಗ್ಳು ಅವ್ನ್ ಕೊಯ್ದಿದ್ನೇ ತಿಂದು ಚಪ್ಪರಿಸ್ಲಿಲ್ವಾ?" ಅಂದಳಂತೆ.

ಮುನಿಯಪ್ಪನವರು ಒಬ್ಬರೇ ನಮ್ಮ ಬಾಗಿಲಿಗೆ ಬಂದರು. ನನ್ನನ್ನು ನೋಡದೆ ಅಬ್ಬಾನನ್ನು ನೋಡಿ ಮಾತಾಡಿದರು. ಬೆಳಿಗ್ಗೆ ಅಂಗಡಿಯೊಳಗೇ, ಪರದೆ ಹಾಕಿಕೊಂಡು, ಯಾರಿಗೂ ಕಾಣದ ಹಾಗೆ ಬಿಡಿಸಿಕೊಟ್ಟರೆ ಸಾಕು, ಗುಡ್ಡೆಯನ್ನು ಊರಿನ ಗಂಡಸರು ಹಾಕಿಕೊಳ್ಳುತ್ತಾರೆ ಅಂದರು. ಅಬ್ಬಾ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ. ಮಾಡುವುದಾದರೆ ಪರದೆ ಇಲ್ಲದೆ ಹೊಂಗೆಮರದ ಕೆಳಗೆ ಮಾಡುತ್ತೇನೆ, ಗುಡ್ಡೆಯನ್ನೂ ನಾನೇ ಹಾಕುತ್ತೇನೆ, ಇಲ್ಲವಾದರೆ ಚಾಚಾ ಬರುವವರೆಗೆ ಕಾಯಿರಿ ಅಂದೆ.

"ಎಣ್ಮಗ್ಳು ಊರ್ ಮುಂದೆ ಕತ್ತಿ ಇಡ್ದು ಕುಂತ್ರೆ ಎಂಗಮ್ಮಾ? ನಾಳೆ ನಂಗೆ ಕೇಳ್ತಾರೆ, ಯಾರ್ ಕೈಲಿ ಮಾಡಿಸ್ದೆ ಅಂತ" ಅಂದರು ಮುನಿಯಪ್ಪನವರು.

ಆಗ ಅಬ್ಬಾ ನನ್ನ ಬಲಗೈ ಹಿಡಿದು ಮೇಲಕ್ಕೆತ್ತಿದರು. ತೊದಲುತ್ತಾ, ಆದರೆ ಗಟ್ಟಿಯಾಗಿ ಹೇಳಿದರು. "ಮೇರಾಚ್ ಹಾತ್ ಹೈ."

ನನ್ನದೇ ಕೈ ಇದು ಅಂದರು. ಹೆಬ್ಬಾಳದವರಿಗೆ ಅಷ್ಟು ಮಾತು ಅರ್ಥವಾಗುತ್ತದೆ. ಮುನಿಯಪ್ಪನವರು ಬೆಳಕು ಹರಿಯೋದರೊಳಗೆ ಬಾ ಎಂದು ಹೇಳಿ ಹೋದರು. ಈ ಸಲ ನನ್ನನ್ನು ನೋಡಿಯೇ ಹೇಳಿದರು.

ಬೆಳಿಗ್ಗೆ ಮುಲ್ಲಾ ಸಾಹೇಬರು ಜಬಾ ಮಾಡಿ, ಕೈ ತೊಳೆದುಕೊಂಡು ಈದ್ಗಾಕ್ಕೆ ಹೋದರು. ನಮ್ಮ ಗಂಡಸರೆಲ್ಲ ಹೋದರು. ಅಮ್ಮಿ ನನಗೆಂದು ಈದಿನ ಹೊಸ ಹಸಿರು ಬಟ್ಟೆ ಇಟ್ಟಿದ್ದರು. ಅದನ್ನೇ ಹಾಕಿಕೊಂಡು, ಮೇಲೆ ಅಬ್ಬಾನ ಹಳೇ ಏಪ್ರನ್ ಕಟ್ಟಿದೆ. ನನ್ನನ್ನು ತಡೆಯಲೆಂದು ಬಾಗಿಲಿಗೆ ಬಂದ ಅಮ್ಮಿ ಏಪ್ರನ್ನಿನ ದಾರ ಸಡಿಲವಾಗಿದೆ ಎಂದು ಬಿಗಿಯಾಗಿ ಕಟ್ಟಿ ಕಳಿಸಿದರು.

ಊರೆಲ್ಲ ಸುತ್ತ ನಿಂತಿತ್ತು. ಮೊದಲ ಕುರಿ ಸುಲಿಯುವಾಗ ಪಿಸುಪಿಸು ಕೇಳಿಸುತ್ತಿತ್ತು. ಎರಡನೆಯದರ ಹೊತ್ತಿಗೆ ಹೆಂಗಸರು ನೀರು ತಂದುಕೊಡತೊಡಗಿದರು. ಮೂರನೆಯದರ ಗೊಂಚಲು ತೆಗೆಯುವಾಗ ಸುತ್ತ ನಿಂತವರು ಒಂದು ಹೆಜ್ಜೆ ಹತ್ತಿರ ಬಂದರು. ಹೆಬ್ಬೆರಳು ಜಾರಿಸುತ್ತಾ ಬಂದೆ. ಎಲ್ಲ ಹಾಗೆಯೇ ಇಡಿಯಾಗಿ ಕೈಗೆ ಬಂತು. ನಿಮ್ಮ ನೆನಪಾಯಿತು.

ನೀವು ಕಾಣದ್ದನ್ನು ಹೇಳುತ್ತೇನೆ. ಗುಡ್ಡೆ ಹಾಕುವುದೆಂದರೆ ಮಾಂಸ ಸಮ ಮಾಡುವುದಷ್ಟೇ ಅಲ್ಲ. ಮುತ್ತುಗದ ಎಲೆಗಳನ್ನು ಸಾಲಾಗಿ ಹಾಸಿ, ತೊಡೆ, ಪಕ್ಕೆ, ಮೂಳೆ ಎಲ್ಲ ಹಂಚಿದ ಮೇಲೆ, ಕೊನೆಗೆ ಗೊಂಚಲನ್ನು ಬಿಡಿಸಬೇಕು. ಈಲಿಯ ಒಂದು ಚೂರು, ಗುಂಡಿಗೆಯ ಒಂದು ತುಂಡು, ಪ್ರತಿ ಗುಡ್ಡೆಗೂ ಬೀಳಬೇಕು. ಯಜಮಾನರ ಮನೆಗೆ ದೊಡ್ಡದು, ಬಡವರ ಮನೆಗೆ ಇಲ್ಲ, ಹಾಗೆ ಮಾಡುವಂತಿಲ್ಲ. ಬೆರಳ ತುದಿಯಷ್ಟಾದರೂ ಸರಿ, ಒಂದು ಮನೆಗೂ ಗುಂಡಿಗೆ ತಪ್ಪಬಾರದು. ತಪ್ಪಿದರೆ ಆ ಮನೆಯವರು ಗುಡ್ಡೆ ಎತ್ತುವುದಿಲ್ಲ. ಮೂರು ಕುರಿಯ ಗುಂಡಿಗೆಯನ್ನು ಇಡೀ ಊರಿಗೆ ಕತ್ತರಿಸಿದೆ, ಯಾರಿಗೂ ತಪ್ಪಲಿಲ್ಲ.

ಆಮೇಲೆ ಮುನಿಯಪ್ಪನವರು ಒಂದೊಂದೇ ಮನೆಯ ಹೆಸರು ಕೂಗಿದರು. ನಿಮ್ಮ ಕಾಗದ ಓದಿದ ಅದೇ ಗಂಟಲು. ಕೂಗಿದವರು ಬಂದು ಎಲೆ ಎತ್ತಿಕೊಂಡು ಹೋದರು. ಕೊನೆಯಲ್ಲಿ ಉಳಿಯುವುದು ಗುಡ್ಡೆ ಹಾಕಿದವರ ಎಲೆ. ಆ ಹೆಸರು ಕೂಗಿದರೆ ವರ್ಷದ ಅಂಗಡಿ ಅವರದೆಂದು ಊರು ಒಪ್ಪಿದ ಹಾಗೆ. ಪ್ರತಿ ವರ್ಷ ಮಜೀದ್ ಎಂದು ಕೂಗುತ್ತಿದ್ದರು. ಈ ವರ್ಷ ಮುಜಫ್ಫರ್ ಎಂದು ಕೂಗುವುದಾಗಿ ಜನವರಿಯಲ್ಲೇ ಮಾತಾಗಿತ್ತು. ಮುನಿಯಪ್ಪನವರು ಎಲೆಯನ್ನು ನೋಡಿದರು. ಕಟ್ಟೆಯ ಮೇಲೆ ನಾವು ಕೂರಿಸಿದ್ದ ಅಬ್ಬಾನನ್ನು ನೋಡಿದರು. ಆಮೇಲೆ ಕೆರೆಯ ಆಚೆ ದಡಕ್ಕೆ ಕೇಳಿಸುವ ಹಾಗೆ ಕೂಗಿದರು.

"ಸಬೀರಾ!"

ನಾನು ಕತ್ತಿ ಒರೆಸುತ್ತಾ ಕೂತೇ ಇದ್ದೆ. ಮಾರಕ್ಕ ಬೆನ್ನಿಗೆ ಗುದ್ದಿದಳು. ಹೋಗಿ ಎತ್ತಿಕೊಂಡೆ.

ಚಾಚಾ ಮಧ್ಯಾಹ್ನ ಕತ್ತಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಊರಲ್ಲೆಲ್ಲ ಸಾರಿನ ವಾಸನೆ. ಅಮ್ಮಿ ಅವರನ್ನು ಕೂರಿಸಿ ಒಂದು ಬಟ್ಟಲು ಶೀರ್ ಖುರ್ಮಾ ಕೊಟ್ಟು, ಈದ್ ಮುಬಾರಕ್ ಅಂದರು. ಮಗನ ಮಾತು ಎತ್ತಿದಾಗ, ಹುಡುಗಿಗೆ ಅಂಗಡಿ ಇದೆಯಲ್ಲ, ಬಿಡುವಿಲ್ಲ ಅಂದರು. ಅರ್ಧ ಒಪ್ಪಿದ್ದ ಅಮ್ಮಿಯೇ ಹಾಗೆ ಅಂದರು. ಚಾಚಾ ಎರಡನೇ ಬಟ್ಟಲು ಕೇಳಲಿಲ್ಲ.

ಈಗ ನಿಮ್ಮ ಚೀಟಿಯ ವಿಷಯ. ಧೈರ್ಯ, ಕೆಚ್ಚು ಎರಡನ್ನೂ ಹೊಡೆದುಹಾಕಿದ್ದು ಒಳ್ಳೆಯದಾಯಿತು. ಗುಂಡಿಗೆ ಎಂದು ಬರೆಯಿರಿ. ನಿಮ್ಮ ಜೊತೆಯವರು ಒಪ್ಪದಿದ್ದರೆ ಹೆಬ್ಬಾಳಕ್ಕೆ ಕರೆದುಕೊಂಡು ಬನ್ನಿ, ತೋರಿಸುತ್ತೇನೆ. ನೀವು ತಿನ್ನುವುದು ಬೇಡ, ನಿಂತು ನೋಡಿದರೆ ಸಾಕು. ನಿಮಗೆ ಮಾರಕ್ಕನ ಮನೆಯಲ್ಲಿ ಹೋಳಿಗೆ ಮಾಡಿಸುತ್ತೇನೆ. ಬಂದರೆ ಉಳಿದ ಸಿಟ್ಟೂ ಹೋಗುತ್ತದೆ.

ನಿನ್ನೆ ಅಂಗಡಿಯ ಮುಂದೆ ಗಿರಾಕಿಗಳು ಸಾಲು ನಿಂತಿದ್ದರು. ಹೊಸಬನೊಬ್ಬ, ಇಲ್ಲಿ ಜಮೀರ್ ಅಂತ ಇದ್ದನಲ್ಲ, ಎಲ್ಲಿ ಎಂದು ಕೇಳಿದ. ಅವನು ಊರಿಗೆ ಹೋದ, ಇನ್ನು ಬರುವುದಿಲ್ಲ ಅಂದರು ಅಬ್ಬಾ. ಗೋಣಿಯ ಪರದೆಯನ್ನು ಬಿಚ್ಚಿ, ಒಗೆದು, ಬೆಂಚಿನ ಕೆಳಗೆ ಅಬ್ಬಾನ ಕಾಲಿಗೆ ಹಾಸಿದ್ದೇನೆ.

ಸಬೀರಾ
ಮಾಂಸದಂಗಡಿ, ಹೆಬ್ಬಾಳ